ಕಚೇರಿಗೆಲ್ಲ ಒಂದೇ ಕಾಗುಣಿತ, ಒಂದೇ ವಿನ್ಯಾಸ: ವರ್ಡ್‌ನ ಸೆಟ್ಟಿಂಗ್ಸ್ ಕಡತಗಳನ್ನು ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಕ್ರಮ

ಎಂಟು ಹತ್ತು ಕಂಪ್ಯೂಟರುಗಳಿರುವ ಒಂದು ಕನ್ನಡ ಪ್ರಕಾಶನ ಕಚೇರಿಯಲ್ಲಿ ಒಂದೇ ಪುಸ್ತಕದ ಬೇರೆ ಬೇರೆ ಅಧ್ಯಾಯಗಳನ್ನು ನಾಲ್ವರು ಅಕ್ಷರ ಜೋಡಣೆ ಮಾಡುತ್ತಿದ್ದಾರೆ ಎಂದುಕೊಳ್ಳಿ. ಒಬ್ಬರ ಪುಟದಲ್ಲಿ ‘ಪಂಚಾಯಿತಿ’ ಎಂದಿದ್ದರೆ ಇನ್ನೊಬ್ಬರ ಪುಟದಲ್ಲಿ ‘ಪಂಚಾಯತಿ’ ಎಂದಿರುತ್ತದೆ. ಮೊದಲ ಅಧ್ಯಾಯದ ಶೀರ್ಷಿಕೆ 18 ಪಾಯಿಂಟ್ ಇದ್ದರೆ ಮೂರನೆಯದರಲ್ಲಿ 16ಕ್ಕೆ ಇಳಿದಿರುತ್ತದೆ. ಲೇಖಕರ ಊರಿನ ಹೆಸರಿಗೆ ಒಂದು ಕಂಪ್ಯೂಟರಿನಲ್ಲಿ ಕೆಂಪು ಗೆರೆ ಬರುತ್ತದೆ, ಮತ್ತೊಂದರಲ್ಲಿ ಬರುವುದಿಲ್ಲ. ಕೊನೆಗೆ ಇದೆಲ್ಲವೂ ಕರಡು ತಿದ್ದುವವರ ಮೇಜಿಗೆ ಬಂದು ಬೀಳುತ್ತದೆ. ಅವರು ವಾಕ್ಯದ ಅರ್ಥವನ್ನು ನೋಡಬೇಕಾದ ಸಮಯವನ್ನು ಇಂಥ ಏಕರೂಪತೆಯ ತಿದ್ದುಪಡಿಯಲ್ಲೇ ಕಳೆಯುತ್ತಾರೆ. ಆ ಕೆಲಸವನ್ನು ಬಹಳ ಕಾಲ ಮಾಡಿದವನಾಗಿ ಹೇಳುತ್ತೇನೆ, ಈ ಶ್ರಮದ ದೊಡ್ಡ ಪಾಲನ್ನು ಒಂದೇ ದಿನದ ವ್ಯವಸ್ಥೆಯಿಂದ ತಪ್ಪಿಸಬಹುದು. ಮೈಕ್ರೋಸಾಫ್ಟ್ ವರ್ಡ್ ತನ್ನ ಸೆಟ್ಟಿಂಗ್ಸ್‌ಗಳನ್ನು ಕಡತಗಳಲ್ಲಿ ಇಟ್ಟುಕೊಳ್ಳುತ್ತದೆ. ಆ ಕಡತಗಳಲ್ಲಿ ಕೆಲವನ್ನು ಕಚೇರಿಯ ನೆಟ್‌ವರ್ಕ್‌ನಲ್ಲಿ ಒಂದೆಡೆ ಇಟ್ಟು ಎಲ್ಲರೂ ಅಲ್ಲಿಂದಲೇ ಓದಿಕೊಳ್ಳುವಂತೆ ಮಾಡಬಹುದು.

‘ಕೆಲವನ್ನು’ ಎಂದು ಹೇಳಿದ್ದಕ್ಕೆ ಕಾರಣವಿದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಉತ್ಸಾಹದಿಂದ ಎಲ್ಲ ಕಡತಗಳನ್ನೂ ಹಂಚಿಬಿಟ್ಟೆವು. ಅದರಲ್ಲಿ ವರ್ಡ್‌ನ ಮೂಲ ಟೆಂಪ್ಲೇಟ್ (ಹೊಸ ದಾಖಲೆಗಳ ಅಚ್ಚು) ಆದ ‘ನಾರ್ಮಲ್’ ಕಡತವೂ ಸೇರಿತ್ತು. ಎರಡೇ ದಿನಗಳಲ್ಲಿ ಒಬ್ಬರು ವರ್ಡ್ ಮುಚ್ಚುವಾಗ ಮತ್ತೊಬ್ಬರ ಬದಲಾವಣೆ ಅಳಿಸಿಹೋಗತೊಡಗಿತು, ಕಡತ ಬೇರೆಯವರ ಬಳಕೆಯಲ್ಲಿದೆ ಎಂಬ ಸಂದೇಶಗಳು ಬರತೊಡಗಿದವು, ವಾರದ ಕೊನೆಗೆ ಎಲ್ಲರ ಪುಟಗಳ ಅಂಚುಗಳೂ ಬದಲಾಗಿದ್ದವು. ಆ ಅನುಭವದಿಂದ ನಾನು ಪಾಲಿಸುತ್ತ ಬಂದಿರುವ ನಿಯಮ ಒಂದೇ: ತಂತ್ರಾಂಶ ತಾನಾಗಿ ಬರೆಯುವ ಕಡತವನ್ನು ನೆಟ್‌ವರ್ಕ್‌ನಿಂದ ನೇರವಾಗಿ ಓದಿಸಬಾರದು, ಮನುಷ್ಯರು ಯೋಚಿಸಿ ಬರೆಯುವ ಕಡತವನ್ನು ಮಾತ್ರ ಹಾಗೆ ಹಂಚಬೇಕು. ಮುಂದಿನ ಎಲ್ಲ ಹಂತಗಳೂ ಈ ಭೇದದ ಮೇಲೆ ನಿಂತಿವೆ.

ಯಾವುದನ್ನು ಹಂಚಬೇಕು, ಯಾವುದನ್ನು ಬಿಡಬೇಕು

ಮೊದಲು ಒಂದು ಹಾಳೆ ತೆಗೆದುಕೊಂಡು ಎರಡು ಪಟ್ಟಿ ಮಾಡಿ. ಕಚೇರಿಯ ನಿರ್ಧಾರಗಳು ಒಂದರಲ್ಲಿರಲಿ: ಪುಸ್ತಕದ ಅಳತೆ, ಅಂಚು, ಶೀರ್ಷಿಕೆ ಮತ್ತು ಮೈಬರಹದ ಶೈಲಿಗಳು, ಒಪ್ಪಿಕೊಂಡ ಕಾಗುಣಿತ, ಪದೇ ಪದೇ ಬಳಸುವ ಹಕ್ಕುಸ್ವಾಮ್ಯದ ಪುಟ, ಪತ್ರದ ತಲೆಬರಹ. ವ್ಯಕ್ತಿಯ ಅಭ್ಯಾಸಗಳು ಇನ್ನೊಂದರಲ್ಲಿರಲಿ: ಪರದೆಯ ಮೇಲೆ ಯಾವ ಪಟ್ಟಿ ಎಲ್ಲಿರಬೇಕು, ಎಷ್ಟು ಹಿಗ್ಗಿಸಿ ನೋಡಬೇಕು, ಎಷ್ಟು ನಿಮಿಷಕ್ಕೊಮ್ಮೆ ತಾನಾಗಿ ಉಳಿಸಬೇಕು ಇತ್ಯಾದಿ. ಎರಡನೆಯ ಪಟ್ಟಿಯನ್ನು ಹಾಗೆಯೇ ಬಿಟ್ಟುಬಿಡಿ. ಹದಿನೈದು ವರ್ಷದಿಂದ ಒಂದೇ ರೀತಿಯಲ್ಲಿ ಕೀಲಿಮಣೆ ಬಳಸಿದವರ ಕೈಯ ಅಭ್ಯಾಸವನ್ನು ಬದಲಿಸುವುದರಿಂದ ಕಚೇರಿಗೆ ಯಾವ ಲಾಭವೂ ಇಲ್ಲ.

ಮೊದಲ ಪಟ್ಟಿಯಲ್ಲಿರುವುದು ವರ್ಡ್‌ನಲ್ಲಿ ಮೂರು ಬಗೆಯ ಕಡತಗಳಾಗಿ ಕೂರುತ್ತದೆ. ಟೆಂಪ್ಲೇಟ್ ಎಂಬುದು ಶೈಲಿ, ಅಂಚು ಮತ್ತು ಸಿದ್ಧ ಪಠ್ಯಗಳ ಅಚ್ಚು. ಕಸ್ಟಮ್ ಡಿಕ್ಷನರಿ, ಅಂದರೆ ನಾವೇ ಮಾಡಿಕೊಳ್ಳುವ ಪದಕೋಶ, ಎಂಬುದು ಸಾಲಿಗೊಂದು ಪದವಿರುವ ಸರಳ ಪಠ್ಯ ಕಡತ. ಇವೆರಡನ್ನೂ ನೆಟ್‌ವರ್ಕ್‌ನಿಂದ ನೇರವಾಗಿ ಓದಿಸಬಹುದು. ಮೂರನೆಯದು ಬರೆಯುವಾಗಲೇ ಪದಗಳನ್ನು ತಾನಾಗಿ ತಿದ್ದುವ ಆಟೋಕರೆಕ್ಟ್‌ನ ಕಡತ; ಅದನ್ನು ವರ್ಡ್ ತಾನೇ ಬರೆಯುತ್ತಿರುವುದರಿಂದ ಅದನ್ನು ಹಂಚಬಾರದು, ನಕಲು ಮಾಡಿ ಕೊಡಬೇಕು. ‘ನಾರ್ಮಲ್’ ಟೆಂಪ್ಲೇಟನ್ನು ಹಂಚಲೂ ಬಾರದು, ನಕಲು ಮಾಡಲೂ ಬಾರದು. ಅದು ಪ್ರತಿಯೊಬ್ಬರ ಸ್ವಂತದ್ದು.

ಹಂಚಿಕೆಯ ಫೋಲ್ಡರ್ ಮತ್ತು ಅನುಮತಿಗಳು

ಕಚೇರಿಯಲ್ಲಿ ಸರ್ವರ್ ಅಥವಾ ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆ ಇದ್ದರೆ ಅದರಲ್ಲಿಯೇ ಫೋಲ್ಡರ್ ಮಾಡಿ. ಇಲ್ಲದಿದ್ದರೆ ದಿನವಿಡೀ ಚಾಲೂ ಇರುವ, ಯುಪಿಎಸ್‌ಗೆ ಜೋಡಿಸಿರುವ ಒಂದು ಕಂಪ್ಯೂಟರನ್ನು ಆರಿಸಿಕೊಳ್ಳಿ. ಮಾಮೂಲಿ ವಿಂಡೋಸ್ 10 ಅಥವಾ 11 ಕಂಪ್ಯೂಟರಿಗೆ ಏಕಕಾಲದಲ್ಲಿ 20 ಸಂಪರ್ಕಗಳವರೆಗೆ ಮಿತಿಯಿದೆ. ಸಣ್ಣ ಕಚೇರಿಗೆ ಅಷ್ಟು ಸಾಕು. ಆ ಕಂಪ್ಯೂಟರು ಸ್ವಲ್ಪ ಹೊತ್ತು ಬಳಸದಿದ್ದರೆ ನಿದ್ರಾಸ್ಥಿತಿಗೆ ಹೋಗದಂತೆ ಪವರ್ ಸೆಟ್ಟಿಂಗ್ಸ್‌ನಲ್ಲಿ ಬದಲಿಸುವುದನ್ನು ಮರೆಯಬೇಡಿ. ಹಂಚಿಕೆಯ ಫೋಲ್ಡರ್ ಬೆಳಿಗ್ಗೆ ಕಾಣಿಸಿ ಊಟದ ನಂತರ ಮಾಯವಾಗುತ್ತದೆ ಎಂಬ ದೂರಿನ ಹಿಂದೆ ಬಹುಪಾಲು ಈ ನಿದ್ರೆಯೇ ಇರುತ್ತದೆ.

ಮುಂದೆ ಆ ಕಂಪ್ಯೂಟರಿನಲ್ಲಿ ಎರಡು ಸ್ಥಳೀಯ ಬಳಕೆದಾರ ಖಾತೆಗಳನ್ನು ತೆರೆಯಿರಿ. ಒಂದು ಸಂಪಾದಕರಿಗೆ, ಇನ್ನೊಂದು ಉಳಿದ ಎಲ್ಲರ ಓದಿಗೆ. ಎರಡಕ್ಕೂ ಪಾಸ್‌ವರ್ಡ್ ಇರಲೇಬೇಕು. ಆಮೇಲೆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಶೇರಿಂಗ್’, ‘ಅಡ್ವಾನ್ಸ್ಡ್ ಶೇರಿಂಗ್’ ಎಂದು ಹೋಗಿ ಹಂಚಿಕೆಯ ಗುರುತನ್ನು ಹಾಕಿ, ‘ಪರ್ಮಿಷನ್ಸ್’ ಗುಂಡಿ ಒತ್ತಿ. ಅಲ್ಲಿ ಮೊದಲೇ ಇರುವ ‘ಎವ್ರಿವನ್’ ಹೆಸರನ್ನು ತೆಗೆದು, ಓದುವ ಖಾತೆಗೆ ‘ರೀಡ್’ ಮಾತ್ರ, ಸಂಪಾದಕರ ಖಾತೆಗೆ ‘ಚೇಂಜ್’ ಸಹ ಕೊಡಿ. ಪಕ್ಕದ ‘ಸೆಕ್ಯುರಿಟಿ’ ಪುಟದಲ್ಲಿ ಇನ್ನೊಂದು ಅನುಮತಿಗಳ ಪಟ್ಟಿ ಇರುತ್ತದೆ. ನೆಟ್‌ವರ್ಕ್ ಮೂಲಕ ಬರುವವರಿಗೆ ಈ ಎರಡು ಪಟ್ಟಿಗಳಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ಅನ್ವಯಿಸುತ್ತದೆ. ಆದ್ದರಿಂದ ಸಂಪಾದಕರಿಗೆ ಬರೆಯಲು ಆಗುತ್ತಿಲ್ಲವಾದರೆ ಎರಡನ್ನೂ ತೆರೆದು ನೋಡಬೇಕು.

ಓದುವ ಖಾತೆಗೆ ಬರೆಯುವ ಅನುಮತಿ ಇಲ್ಲದಿರುವುದು ಅಪನಂಬಿಕೆಯ ಲಕ್ಷಣವಲ್ಲ ಎಂಬುದನ್ನು ಸಹೋದ್ಯೋಗಿಗಳಿಗೆ ಮೊದಲೇ ತಿಳಿಸಿಬಿಡಿ. ಟೆಂಪ್ಲೇಟಿನಿಂದ ಹೊಸ ದಾಖಲೆ ಮಾಡುವ ಬದಲು ಯಾರಾದರೂ ಅರಿಯದೆ ಟೆಂಪ್ಲೇಟನ್ನೇ ತೆರೆದು ಅಧ್ಯಾಯವನ್ನು ಅದರೊಳಗೇ ಬರೆದು ಉಳಿಸಿಬಿಡುವುದು ಎಲ್ಲ ಕಡೆಯೂ ನಡೆಯುತ್ತದೆ. ಅನುಮತಿ ಓದಿಗೆ ಸೀಮಿತವಾಗಿದ್ದರೆ ಅಂಥ ತಪ್ಪು ಸಾಧ್ಯವೇ ಇಲ್ಲ, ತಪ್ಪು ಮಾಡಿದೆನೆಂಬ ಅಳುಕೂ ಯಾರಿಗೂ ಉಳಿಯುವುದಿಲ್ಲ.

ಇನ್ನು ಉಳಿದ ಕಂಪ್ಯೂಟರುಗಳಿಗೆ ಬನ್ನಿ. ಪ್ರತಿಯೊಂದರಲ್ಲೂ ನೆಟ್‌ವರ್ಕ್ ‘ಪ್ರೈವೇಟ್’ ಎಂದಿರಬೇಕು, ‘ಪಬ್ಲಿಕ್’ ಎಂದಿರಬಾರದು. ‘ಕಂಟ್ರೋಲ್ ಪ್ಯಾನಲ್’ನಲ್ಲಿರುವ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ತೆರೆದು, ಹಂಚಿಕೆಯ ಕಂಪ್ಯೂಟರಿನ ಹೆಸರು, ಓದುವ ಖಾತೆಯ ಹೆಸರು ಮತ್ತು ಪಾಸ್‌ವರ್ಡನ್ನು ಒಮ್ಮೆ ಸೇರಿಸಿದರೆ ಮತ್ತೆ ಮತ್ತೆ ಕೇಳುವುದಿಲ್ಲ. ಇಲ್ಲಿ ಹಲವರು ತಮ್ಮ ಕಂಪ್ಯೂಟರ್ ತೆರೆಯುವ ನಾಲ್ಕಂಕಿಯ ಪಿನ್ ಹಾಕಿ ಸೋಲುತ್ತಾರೆ. ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ ಸೇರಿದ್ದು. ನೆಟ್‌ವರ್ಕ್‌ನಲ್ಲಿ ಅದು ನಡೆಯುವುದಿಲ್ಲ, ಖಾತೆಯ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳು ತಡೆಯುತ್ತವೆ, ತಡೆಯುವುದೇ ಸರಿ. ಹಾಗೆಯೇ ಹಳೆಯ ಸಂಗ್ರಹ ಪೆಟ್ಟಿಗೆ ಕಾಣಿಸುತ್ತಿಲ್ಲವೆಂದು ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆ ವಿಧಾನವನ್ನು ಮತ್ತೆ ಚಾಲೂ ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶದ ದಾಳಿ ಅದರ ದೋಷದ ಮೂಲಕವೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿತ್ತು. ಪೆಟ್ಟಿಗೆಗೆ ಹೊಸ ಸಾಫ್ಟ್‌ವೇರ್ ಸಿಗದಿದ್ದರೆ ಪೆಟ್ಟಿಗೆಯನ್ನೇ ಬದಲಿಸುವುದು ಕ್ಷೇಮ.

ಫೋಲ್ಡರಿನ ವಿಳಾಸವನ್ನು ವರ್ಡ್‌ಗೆ ಕೊಡುವಾಗ ‘ಝಡ್ ಡ್ರೈವ್’ ಎಂಬಂತೆ ಡ್ರೈವ್ ಅಕ್ಷರ ಬಳಸದೆ, ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರಿನ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಫೋಲ್ಡರಿನ ಹೆಸರು ಎಂಬ ಪೂರ್ಣ ರೂಪವನ್ನೇ ಬಳಸಿ. ಡ್ರೈವ್ ಅಕ್ಷರ ಒಬ್ಬೊಬ್ಬರಲ್ಲಿ ಒಂದೊಂದಿರಬಹುದು. ಕಂಪ್ಯೂಟರಿನ ಸಂಖ್ಯಾರೂಪದ ವಿಳಾಸವಾದ ಐಪಿ ಅಂಕಿಗಳನ್ನು ರೌಟರ್ ಯಾವಾಗ ಬೇಕಾದರೂ ಬದಲಿಸಬಹುದು. ಹೆಸರು ಮಾತ್ರ ನಾವು ಬದಲಿಸುವವರೆಗೂ ನಿಲ್ಲುತ್ತದೆ. ಫೋಲ್ಡರಿಗೂ ಒಳಗಿನ ಕಡತಗಳಿಗೂ ಚಿಕ್ಕದಾದ, ನಡುವೆ ಜಾಗವಿಲ್ಲದ, ಇಂಗ್ಲಿಷ್ ಅಕ್ಷರಗಳ ಹೆಸರಿಟ್ಟರೆ ಹಳೆಯ ಉಪಕರಣಗಳಲ್ಲೂ ತೊಂದರೆಯಾಗುವುದಿಲ್ಲ.

ಟೆಂಪ್ಲೇಟ್

ಸಂಪಾದಕರು ಖಾಲಿ ದಾಖಲೆಯೊಂದನ್ನು ತೆರೆದು ಪುಟದ ಅಳತೆ, ಅಂಚು ಮತ್ತು ಶೈಲಿಗಳನ್ನು ನಿಗದಿಮಾಡಿ ‘ವರ್ಡ್ ಟೆಂಪ್ಲೇಟ್’ ರೂಪದಲ್ಲಿ ಹಂಚಿಕೆಯ ಫೋಲ್ಡರಿನಲ್ಲಿ ಉಳಿಸಬೇಕು. ಮ್ಯಾಕ್ರೋ (ತಾನಾಗಿ ನಡೆಯುವ ಆಜ್ಞೆಗಳ ಸರಣಿ) ಇರುವ ಬಗೆಯನ್ನು ಆರಿಸಬೇಡಿ. ಮ್ಯಾಕ್ರೋಗಳ ಮೂಲಕ ವೈರಸ್ ಹರಡುವ ಅಪಾಯವಿರುವುದರಿಂದ ನೆಟ್‌ವರ್ಕ್ ಜಾಗವನ್ನು ವರ್ಡ್ ತಾನಾಗಿ ನಂಬುವುದಿಲ್ಲ, ನಂಬಿಸಲು ಹೋದರೆ ಭದ್ರತೆಯನ್ನು ಸಡಿಲಿಸಬೇಕಾಗುತ್ತದೆ. ಶೈಲಿಗಳಿಗೆ ಮ್ಯಾಕ್ರೋದ ಅಗತ್ಯವೇ ಇಲ್ಲ.

ಶೈಲಿ ಮಾಡುವಾಗ ಕನ್ನಡಿಗರು ಎಡವುವ ಜಾಗವೊಂದಿದೆ. ವರ್ಡ್‌ನ ಲೆಕ್ಕದಲ್ಲಿ ಕನ್ನಡ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಗುಂಪಿಗೆ ಸೇರಿದ ಲಿಪಿ. ಶೈಲಿಯ ಫಾಂಟ್ ಪೆಟ್ಟಿಗೆಯಲ್ಲಿ ಲ್ಯಾಟಿನ್ ಅಕ್ಷರಗಳಿಗೆ ಒಂದು ಫಾಂಟ್ ಮತ್ತು ಗಾತ್ರ, ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ ಬೇರೆಯೇ ಫಾಂಟ್ ಮತ್ತು ಗಾತ್ರ ಇರುತ್ತವೆ. ಮೇಲಿನದನ್ನು ಮಾತ್ರ 14 ಪಾಯಿಂಟ್ ಮಾಡಿ ಕೆಳಗಿನದನ್ನು ಹಾಗೆಯೇ ಬಿಟ್ಟರೆ ಇಂಗ್ಲಿಷ್ ಪದಗಳು ದೊಡ್ಡದಾಗುತ್ತವೆ, ಕನ್ನಡ ಕದಲುವುದಿಲ್ಲ. ಆ ಕೆಳಗಿನ ಭಾಗವೇ ಕಾಣಿಸದಿದ್ದರೆ ‘ಆಪ್ಷನ್ಸ್’ನ ‘ಲ್ಯಾಂಗ್ವೇಜ್’ ವಿಭಾಗದಲ್ಲಿ ಕನ್ನಡವನ್ನು ಬರವಣಿಗೆಯ ಭಾಷೆಯಾಗಿ ಸೇರಿಸಿ ವರ್ಡ್ ಮುಚ್ಚಿ ತೆರೆಯಬೇಕು. ಇದರ ಜೊತೆಗೆ, ಟೆಂಪ್ಲೇಟ್ ಫಾಂಟಿನ ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಫಾಂಟನ್ನು ಹೊತ್ತು ತರುವುದಿಲ್ಲ. ಸಂಪಾದಕರ ಕಂಪ್ಯೂಟರಿನಲ್ಲಿ ನೋಟೋ ಸೆರಿಫ್ ಕನ್ನಡ ಇದ್ದು ಉಳಿದವರಲ್ಲಿ ಇಲ್ಲದಿದ್ದರೆ ಅವರ ಪರದೆಯಲ್ಲಿ ತುಂಗಾ ಅಥವಾ ನಿರ್ಮಲಾ ಬಂದು ಕೂರುತ್ತದೆ, ಸಾಲುಗಳು ಬೇರೆ ಜಾಗದಲ್ಲಿ ಮುರಿಯುತ್ತವೆ, ಪುಟಸಂಖ್ಯೆ ಬದಲಾಗುತ್ತದೆ. ಆದ್ದರಿಂದ ಬಳಸುವ ಫಾಂಟ್ ಕಡತಗಳನ್ನು, ಅವುಗಳ ಪರವಾನಗಿ ಹಂಚಿಕೆಗೆ ಒಪ್ಪುವಂಥವಾಗಿದ್ದರೆ, ಅದೇ ಫೋಲ್ಡರಿನಲ್ಲಿಟ್ಟು ಎಲ್ಲರೂ ಒಮ್ಮೆ ಅನುಸ್ಥಾಪಿಸಿಕೊಳ್ಳುವಂತೆ ಮಾಡಿ.

ಹಕ್ಕುಸ್ವಾಮ್ಯದ ಪುಟ, ಅರ್ಪಣೆಯ ಚೌಕಟ್ಟು, ಅಡಿಟಿಪ್ಪಣಿಯ ಮಾದರಿಗಳಂಥ ಸಿದ್ಧ ಪಠ್ಯಗಳನ್ನು ‘ಕ್ವಿಕ್ ಪಾರ್ಟ್ಸ್’ ಮೂಲಕ ಉಳಿಸುವಾಗ ‘ಸೇವ್ ಇನ್’ ಎಂಬಲ್ಲಿ ಕಚೇರಿಯ ಟೆಂಪ್ಲೇಟಿನ ಹೆಸರನ್ನೇ ಆರಿಸಿ. ಆಗ ಅವು ಟೆಂಪ್ಲೇಟಿನೊಳಗೇ ಕೂತು, ಅದರಿಂದ ಹುಟ್ಟುವ ಪ್ರತಿಯೊಂದು ದಾಖಲೆಗೂ ದೊರೆಯುತ್ತವೆ. ಕೊನೆಯಲ್ಲಿ ‘ಫೈಲ್’ ಪಟ್ಟಿಯ ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಬಳಸಿ ಸಂಪಾದಕರ ಸ್ವಂತ ಹೆಸರು ಮುಂತಾದ ವಿವರಗಳನ್ನು ತೆಗೆದುಹಾಕಿ. ಇಲ್ಲದಿದ್ದರೆ ಎಲ್ಲರ ದಾಖಲೆಗಳಲ್ಲೂ ಆ ವಿವರಗಳು ಉಳಿದುಕೊಳ್ಳಬಹುದು.

ಪ್ರತಿ ಕಂಪ್ಯೂಟರಿನಲ್ಲಿ ‘ಫೈಲ್’, ‘ಆಪ್ಷನ್ಸ್’, ‘ಅಡ್ವಾನ್ಸ್ಡ್’ ಎಂದು ಹೋಗಿ ಕೆಳಗಿನ ‘ಜನರಲ್’ ಭಾಗದಲ್ಲಿರುವ ‘ಫೈಲ್ ಲೊಕೇಷನ್ಸ್’ ಗುಂಡಿ ಒತ್ತಿ. ಅಲ್ಲಿ ‘ಯೂಸರ್ ಟೆಂಪ್ಲೇಟ್ಸ್’ ಮತ್ತು ‘ವರ್ಕ್‌ಗ್ರೂಪ್ ಟೆಂಪ್ಲೇಟ್ಸ್’ ಎಂಬ ಎರಡು ಸಾಲುಗಳಿವೆ. ಬದಲಿಸಬೇಕಾದದ್ದು ಎರಡನೆಯದು ಮಾತ್ರ. ಮೊದಲನೆಯದನ್ನು ನೆಟ್‌ವರ್ಕ್‌ಗೆ ತಿರುಗಿಸಿದರೆ ‘ನಾರ್ಮಲ್’ ಕಡತವೂ ಅಲ್ಲಿಗೇ ಹೋಗುತ್ತದೆ. ನಾವು ಅಂದು ಮಾಡಿದ ತಪ್ಪು ಅದೇ. ಎರಡನೆಯ ಸಾಲಿಗೆ ಹಂಚಿಕೆಯ ವಿಳಾಸ ಕೊಟ್ಟು ವರ್ಡ್ ಮತ್ತೆ ತೆರೆದರೆ, ಹೊಸ ದಾಖಲೆಯ ಪುಟದಲ್ಲಿ ಮೈಕ್ರೋಸಾಫ್ಟ್‌ನ ಮಾದರಿಗಳ ಪಕ್ಕದ ವಿಭಾಗದಲ್ಲಿ ಕಚೇರಿಯ ಟೆಂಪ್ಲೇಟುಗಳು ಕಾಣಿಸುತ್ತವೆ.

ಪದಕೋಶ

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಹೃದಯ ಇದೇ, ಅತಿ ಹೆಚ್ಚು ಎಚ್ಚರ ಬೇಕಾದದ್ದೂ ಇಲ್ಲಿಯೇ.

ವರ್ಡ್‌ಗೆ ಕನ್ನಡದ ಭಾಷಾ ಪ್ಯಾಕ್ ಸೇರಿಸಿಕೊಂಡರೆ ಕಾಗುಣಿತ ಪರೀಕ್ಷೆ ದೊರೆಯುತ್ತದೆ. ಅದಕ್ಕೆ ಗೊತ್ತಿಲ್ಲದ ಊರು, ಹೆಸರು, ಪಾರಿಭಾಷಿಕ ಪದಗಳನ್ನು ನಮ್ಮ ಪದಕೋಶದಲ್ಲಿ ಕೊಡಬೇಕು. ನೋಟ್‌ಪ್ಯಾಡ್ ತೆರೆದು ಸಾಲಿಗೊಂದು ಪದ ಬರೆಯಿರಿ. ಉಳಿಸುವಾಗ ಕಡತದ ಹೆಸರಿನ ಕೊನೆಗೆ ಚುಕ್ಕೆ ಹಾಗೂ ಡಿ, ಐ, ಸಿ ಎಂಬ ಮೂರು ಅಕ್ಷರಗಳಿರಲಿ, ಎನ್‌ಕೋಡಿಂಗ್ ಎಂಬಲ್ಲಿ ‘ಯುಟಿಎಫ್-16 ಎಲ್‌ಇ’ ಆರಿಸಿ. ಈಗಿನ ನೋಟ್‌ಪ್ಯಾಡ್ ತಾನಾಗಿ ಆರಿಸಿಕೊಳ್ಳುವುದು ಯುಟಿಎಫ್-8. ಅದನ್ನು ಹಾಗೆಯೇ ಬಿಟ್ಟರೆ ಕಡತ ಸೇರಿದಂತೆ ಕಂಡರೂ ಕನ್ನಡ ಪದಗಳನ್ನು ವರ್ಡ್ ಗುರುತಿಸುವುದಿಲ್ಲ, ಕೆಂಪು ಗೆರೆ ಹೋಗುವುದಿಲ್ಲ. ಗಂಟೆಗಟ್ಟಲೆ ಕಾರಣ ಹುಡುಕಿ ಸೋತವರು ಮೊದಲು ಈ ಒಂದು ಆಯ್ಕೆಯನ್ನು ನೋಡಬೇಕು.

ಕಡತವನ್ನು ಹಂಚಿಕೆಯ ಫೋಲ್ಡರಿಗೆ ಹಾಕಿದ ಮೇಲೆ ಪ್ರತಿ ಕಂಪ್ಯೂಟರಿನಲ್ಲಿ ‘ಆಪ್ಷನ್ಸ್’, ‘ಪ್ರೂಫಿಂಗ್’, ‘ಕಸ್ಟಮ್ ಡಿಕ್ಷನರೀಸ್’ ಎಂದು ಹೋಗಿ ‘ಆ್ಯಡ್’ ಒತ್ತಿ ಅದನ್ನು ಸೇರಿಸಿ. ಆದರೆ ಪಟ್ಟಿಯಲ್ಲಿ ಮೊದಲೇ ಇರುವ ಸ್ವಂತ ಪದಕೋಶವೇ ‘ಡಿಫಾಲ್ಟ್’ ಆಗಿ ಉಳಿಯಲಿ. ಬಲ ಕ್ಲಿಕ್ ಮಾಡಿ ಪದ ಸೇರಿಸಿದಾಗ ಅದು ಡಿಫಾಲ್ಟ್ ಪದಕೋಶಕ್ಕೆ ಹೋಗುತ್ತದೆ. ಕಚೇರಿಯ ಪದಕೋಶಕ್ಕೆ ಬರೆಯುವ ಅನುಮತಿ ಇಲ್ಲದಿರುವುದರಿಂದ ಅದನ್ನು ಡಿಫಾಲ್ಟ್ ಮಾಡಿದವರಿಗೆ ಪದ ಸೇರಿಸಲು ಆಗುವುದೇ ಇಲ್ಲ. ಹೀಗೆ ಎರಡನ್ನೂ ಬೇರೆ ಇಟ್ಟರೆ ಒಳ್ಳೆಯ ಕೆಲಸದ ಕ್ರಮವೊಂದು ತಾನಾಗಿ ರೂಪುಗೊಳ್ಳುತ್ತದೆ: ಎಲ್ಲರೂ ತಮ್ಮ ಪದಗಳನ್ನು ಸ್ವಂತ ಪದಕೋಶಕ್ಕೆ ಸೇರಿಸುತ್ತ ಹೋಗುತ್ತಾರೆ, ತಿಂಗಳಿಗೊಮ್ಮೆ ಸಂಪಾದಕರು ಆ ಕಡತಗಳನ್ನು ತರಿಸಿಕೊಂಡು, ಚರ್ಚಿಸಿ, ಒಪ್ಪಿದವನ್ನು ಕಚೇರಿಯ ಪದಕೋಶಕ್ಕೆ ಏರಿಸುತ್ತಾರೆ. ‘ಪಂಚಾಯಿತಿ’ಯೋ ‘ಪಂಚಾಯತಿ’ಯೋ ಎಂಬ ಪ್ರಶ್ನೆ ಇತ್ಯರ್ಥವಾಗಬೇಕಾದದ್ದು ಆ ಚರ್ಚೆಯಲ್ಲಿ.

ಪದಗಳನ್ನು ಸೇರಿಸುವಾಗ ಕನ್ನಡದ ಸ್ವಭಾವವನ್ನು ಗಮನದಲ್ಲಿಡಬೇಕು. ನಮ್ಮ ನಾಮಪದಗಳು ವಿಭಕ್ತಿ ಪ್ರತ್ಯಯಗಳನ್ನು ಮೈಗೆ ಅಂಟಿಸಿಕೊಂಡೇ ಓಡಾಡುತ್ತವೆ. ಪದಕೋಶದಲ್ಲಿ ‘ಹೊನ್ನಾಳಿ’ ಎಂದು ಒಂದೇ ರೂಪ ಬರೆದರೆ ‘ಹೊನ್ನಾಳಿಯ’, ‘ಹೊನ್ನಾಳಿಗೆ’, ‘ಹೊನ್ನಾಳಿಯಲ್ಲಿ’, ‘ಹೊನ್ನಾಳಿಯಿಂದ’ ಎಂಬವನ್ನು ವರ್ಡ್ ಬೇರೆ ಪದಗಳೆಂದೇ ಎಣಿಸುತ್ತದೆ. ಈ ಪಟ್ಟಿಗೆ ವ್ಯಾಕರಣ ತಿಳಿಯದು. ಎಲ್ಲ ರೂಪಗಳನ್ನೂ ತುಂಬಲು ಹೋದರೆ ಮುಗಿಯುವುದಿಲ್ಲ. ಮೂಲರೂಪದ ಜೊತೆಗೆ ಆ ಪುಸ್ತಕದಲ್ಲಿ ಹೆಚ್ಚಾಗಿ ಬರುವ ನಾಲ್ಕೈದು ರೂಪಗಳನ್ನು ಸೇರಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಉಳಿದೆಡೆ ಕೆಂಪು ಗೆರೆ ಬಂದರೆ ಬರಲಿ. ಒಮ್ಮೆ ಕಣ್ಣು ಹಾಯಿಸಿ ಮುಂದೆ ಹೋಗಬಹುದು.

ಇದಕ್ಕಿಂತ ಸೂಕ್ಷ್ಮವಾದ ತೊಡಕು, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್‌ನದು. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಕನ್ನಡ ಪದಗಳ ಒಳಗಿನ ಸಂಕೇತಗಳು ಬೇರೆಯಾಗಿರಬಹುದು. ‘ರ‍್ಯಾಂಕ್’ ಎಂಬಲ್ಲಿ ರಕಾರವು ಅರ್ಕಾವೊತ್ತಾಗದೆ ಪೂರ್ಣವಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು. ಯೂನಿಕೋಡ್ ಈಗ ಹೇಳುವಂತೆ ಅದು ವಿರಾಮದ (ವ್ಯಂಜನದ ಸ್ವರವನ್ನು ತೆಗೆಯುವ ಹಲಂತ ಚಿಹ್ನೆಯ) ಮೊದಲು ಬರಬೇಕು, ಹಳೆಯ ಕೆಲವು ತಂತ್ರಾಂಶಗಳು ಅದನ್ನು ವಿರಾಮದ ನಂತರ ಹಾಕುತ್ತಿದ್ದವು. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರ ಒತ್ತಕ್ಷರವಾಗದಂತೆ ತಡೆಯುವ ಕಾಣದ ಸಂಕೇತ ಇನ್ನೊಂದು. ಮೊದಲನೆಯದರ ಸಂಖ್ಯೆ 200ಡಿ, ಎರಡನೆಯದರ ಸಂಖ್ಯೆ 200ಸಿ. ‘ಕೋ’ ಎಂಬುದರ ಓತ್ವವನ್ನೂ ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿ ತುಂಡುಗಳಾಗಿಯೂ ಬರೆಯಬಹುದು. ಪದಕೋಶ ಹೋಲಿಸುವುದು ಸಂಕೇತಗಳನ್ನು, ಆಕಾರವನ್ನಲ್ಲ. ಆದ್ದರಿಂದ ಒಬ್ಬರು ‘ನುಡಿ’ ತಂತ್ರಾಂಶದಲ್ಲಿ, ಇನ್ನೊಬ್ಬರು ‘ಬರಹ’ ತಂತ್ರಾಂಶದಲ್ಲಿ, ಮತ್ತೊಬ್ಬರು ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಬೆರಳಚ್ಚು ಮಾಡುವ ಕಚೇರಿಯಲ್ಲಿ ಪದಕೋಶದಲ್ಲಿ ಇರುವ ಪದಕ್ಕೇ ಕೆಂಪು ಗೆರೆ ಬರಬಹುದು. ಇದನ್ನು ತಪ್ಪಿಸಲು, ಎಲ್ಲರೂ ಒಂದೇ ತಂತ್ರಾಂಶದ ಒಂದೇ ಆವೃತ್ತಿಯನ್ನು ಬಳಸುವಂತೆ ಒಪ್ಪಿಕೊಳ್ಳುವುದು ಉತ್ತಮ. ಅದು ಸಾಧ್ಯವಾಗದಿದ್ದರೆ, ಇಂಥ ಪದಗಳನ್ನು ಎಲ್ಲರ ಕೀಲಿಮಣೆಗಳಿಂದಲೂ ಒಂದೊಂದು ಸಲ ಬರೆಯಿಸಿ ಎಲ್ಲ ರೂಪಗಳನ್ನೂ ಪದಕೋಶದಲ್ಲಿ ಇಡಬಹುದು. ಆದರೆ ಮುದ್ರಣಕ್ಕೆ ಹೋಗುವ ಕಡತದಲ್ಲಿ ಎರಡು ಬಗೆಯ ಸಂಕೇತಗಳು ಉಳಿದರೆ ಮುಂದೆ ಪದಸೂಚಿ ಮಾಡುವಾಗ ಒಂದೇ ಪದ ಎರಡು ಕಡೆ ಕೂರುತ್ತದೆ ಎಂಬುದು ನೆನಪಿರಲಿ.

ಯೂನಿಕೋಡ್‌ಗೆ ಮುಂಚಿನ ಹಳೆಯ ಆನ್ಸಿ ಫಾಂಟುಗಳಲ್ಲಿ ಇನ್ನೂ ಕೆಲಸ ಮಾಡುವ ಕಚೇರಿಗಳಿವೆ. ಅಲ್ಲಿ ಪದಕೋಶದ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ನಮಗೆ ಕನ್ನಡವಾಗಿ ಕಾಣುವುದು ವರ್ಡ್‌ನ ಪಾಲಿಗೆ ಇಂಗ್ಲಿಷ್ ಅಕ್ಷರಗಳ ಸಾಲು. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಆಟೋಕರೆಕ್ಟ್ ಆಯ್ಕೆ ಅಂಥ ಪಠ್ಯದಲ್ಲಿ ಒಂದು ಕನ್ನಡ ಅಕ್ಷರವನ್ನು ಬೇರೆಯದಾಗಿ ಮಾಡಿಬಿಡುತ್ತದೆ. ಆ ಆಯ್ಕೆ ಟೆಂಪ್ಲೇಟಿನಲ್ಲಿ ಬರುವುದಿಲ್ಲವಾದ್ದರಿಂದ ಪ್ರತಿ ಕಂಪ್ಯೂಟರಿನಲ್ಲೂ ಕೈಯಾರೆ ತೆಗೆಯಬೇಕು. ಹಂಚಿಕೆಯ ವ್ಯವಸ್ಥೆಗೆ ಮುನ್ನವೇ ಯೂನಿಕೋಡ್‌ಗೆ ಬದಲಾಗಿಬಿಡುವುದು ಎಲ್ಲ ರೀತಿಯಿಂದಲೂ ಒಳ್ಳೆಯದೆಂದು ನಾನು ಬಲವಾಗಿ ನಂಬುತ್ತೇನೆ.

ಆಟೋಕರೆಕ್ಟ್

‘ಗ್ರಾಪಂ’ ಎಂದು ಬರೆದೊಡನೆ ‘ಗ್ರಾಮ ಪಂಚಾಯಿತಿ’ ಎಂದಾಗುವಂಥ ನಮೂದುಗಳನ್ನು ವರ್ಡ್ ಭಾಷೆಗೊಂದರಂತೆ ಬೇರೆ ಬೇರೆ ಕಡತಗಳಲ್ಲಿ ಇಡುತ್ತದೆ. ಬಳಕೆದಾರರ ‘ಆ್ಯಪ್‌ಡೇಟಾ’ ಫೋಲ್ಡರಿನ ‘ರೋಮಿಂಗ್’, ‘ಮೈಕ್ರೋಸಾಫ್ಟ್’, ‘ಆಫೀಸ್’ ಎಂಬ ಹಾದಿಯಲ್ಲಿ ಇವು ಸಿಗುತ್ತವೆ. ಕಡತದ ಹೆಸರು ಎಂಎಸ್‌ಒ ಎಂದು ಶುರುವಾಗಿ ಭಾಷೆಯ ಸಂಖ್ಯೆಯಿಂದ ಮುಗಿಯುತ್ತದೆ, ಅದರ ಬಗೆ ಎಸಿಎಲ್. ಕನ್ನಡದ ಸಂಖ್ಯೆ 1099, ಅಮೆರಿಕದ ಇಂಗ್ಲಿಷಿನದು 1033, ಭಾರತದ ಇಂಗ್ಲಿಷಿನದು 16393. ಪಠ್ಯವನ್ನು ವರ್ಡ್ ಯಾವ ಭಾಷೆಯದೆಂದು ಗುರುತಿಸಿಕೊಂಡಿದೆಯೋ ಆ ಕಡತವನ್ನೇ ಬಳಸುತ್ತದೆ. ನಮೂದುಗಳು ನಡೆಯುತ್ತಿಲ್ಲವಾದರೆ ಆಟೋಕರೆಕ್ಟ್ ಪೆಟ್ಟಿಗೆಯ ತಲೆಯಲ್ಲಿ ಬರೆದಿರುವ ಭಾಷೆಯ ಹೆಸರನ್ನು ನೋಡಿ. ಅಲ್ಲಿ ಕನ್ನಡದ ಬದಲು ಇಂಗ್ಲಿಷ್ ಎಂದಿದ್ದರೆ ಕಾರಣ ಸಿಕ್ಕಂತೆಯೇ.

ಈ ಕಡತವನ್ನು ನಕಲು ಮಾಡಿ ಕೊಡುವ ಕ್ರಮ ಹೀಗಿದೆ. ಸಂಪಾದಕರು ತಮ್ಮ ಕಂಪ್ಯೂಟರಿನಲ್ಲಿ ನಮೂದುಗಳನ್ನು ಸಿದ್ಧಪಡಿಸಿ, ಅದರೊಳಗೆ ತಮ್ಮ ಮನೆಯ ವಿಳಾಸದಂಥ ಸ್ವಂತ ವಿವರಗಳಿದ್ದರೆ ತೆಗೆದು, ವರ್ಡ್, ಎಕ್ಸೆಲ್, ಔಟ್‌ಲುಕ್ ಎಲ್ಲವನ್ನೂ ಮುಚ್ಚಿ, ಕಡತವನ್ನು ಹಂಚಿಕೆಯ ಫೋಲ್ಡರಿಗೆ ನಕಲಿಸಬೇಕು. ಉಳಿದವರೂ ಎಲ್ಲ ಆಫೀಸ್ ತಂತ್ರಾಂಶಗಳನ್ನು ಮುಚ್ಚಿದ ಮೇಲೆಯೇ ಅದನ್ನು ತಮ್ಮ ಫೋಲ್ಡರಿಗೆ ಹಾಕಿಕೊಳ್ಳಬೇಕು. ಒಂದಾದರೂ ತೆರೆದಿದ್ದರೆ ಅದು ಮುಚ್ಚುವಾಗ ತನ್ನ ಹಳೆಯ ಪಟ್ಟಿಯನ್ನು ಹೊಸದರ ಮೇಲೆ ಬರೆದುಬಿಡಬಹುದು. ಎರಡು ಎಸಿಎಲ್ ಕಡತಗಳನ್ನು ಬೆಸೆಯಲು ವರ್ಡ್‌ನಲ್ಲಿ ದಾರಿ ಇಲ್ಲ. ಹೊಸದು ಬಂದರೆ ಹಳೆಯದು ಪೂರ್ತಿ ಹೋಗುತ್ತದೆ. ಹಾಗಾಗಿ ಮೊದಲ ಸಲ ಮಾಡುವಾಗ ಪ್ರತಿಯೊಬ್ಬರ ಹಳೆಯ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿಡಿ, ಅವರಿಗೆ ಬೇಕಾದ ನಮೂದುಗಳನ್ನು ಕೇಳಿ ಸಂಪಾದಕರ ಪಟ್ಟಿಗೆ ಸೇರಿಸಿ. ಕೇಳದೆ ಅಳಿಸಿದರೆ ಜನ ಈ ವ್ಯವಸ್ಥೆಯನ್ನೇ ದ್ವೇಷಿಸುತ್ತಾರೆ, ಅದು ನ್ಯಾಯವೂ ಹೌದು. ದಪ್ಪ, ಓರೆ ಮುಂತಾದ ವಿನ್ಯಾಸದೊಂದಿಗೆ ಉಳಿಸಿದ ನಮೂದುಗಳು ಈ ಕಡತದಲ್ಲಿರದೆ ‘ನಾರ್ಮಲ್’ನಲ್ಲಿರುತ್ತವೆ; ಅಂಥವನ್ನು ಟೆಂಪ್ಲೇಟಿನ ಸಿದ್ಧ ಪಠ್ಯಗಳಾಗಿ ಮಾಡುವುದು ಲೇಸು.

ಲಿಬ್ರೆ ಆಫೀಸ್ ಬಳಸುವವರಿಗೆ

ವರ್ಡ್ ಬದಲು ಬಳಸಬಹುದಾದ ಈ ಉಚಿತ ತಂತ್ರಾಂಶದಲ್ಲಿ ಕೆಲಸ ಹಗುರ. ‘ಟೂಲ್ಸ್’, ‘ಆಪ್ಷನ್ಸ್’, ‘ಪಾತ್ಸ್’ ಎಂಬಲ್ಲಿ ಟೆಂಪ್ಲೇಟುಗಳ ಸಾಲಿಗೆ ಹಂಚಿಕೆಯ ಫೋಲ್ಡರನ್ನು ಹೆಚ್ಚುವರಿ ಹಾದಿಯಾಗಿ ಸೇರಿಸಬಹುದು. ಪದಕೋಶ ಯುಟಿಎಫ್-8ರ ಪಠ್ಯ ಕಡತ. ಆದರೆ ಅದರ ಮೊದಲ ಕೆಲವು ಸಾಲುಗಳಲ್ಲಿ ಕಡತದ ಬಗೆ ಮತ್ತು ಭಾಷೆಯ ವಿವರಗಳಿರುತ್ತವೆ, ಆ ಸಾಲುಗಳನ್ನು ಕದಲಿಸದೆ ಅವುಗಳ ಕೆಳಗೆ ಪದಗಳನ್ನು ಸೇರಿಸಬೇಕು. ಇದನ್ನು ಬಳಕೆದಾರರ ‘ವರ್ಡ್‌ಬುಕ್’ ಫೋಲ್ಡರಿಗೆ ನಕಲಿಸಿ ಕೊಡುವುದು ಸರಳ. ಕನ್ನಡ ಪ್ರಕಾಶನಕ್ಕೆ ಬಹಳ ಉಪಯೋಗವಾಗುವ ಅನುಕೂಲವೊಂದು ಇಲ್ಲಿದೆ: ಹೊಸ ಪದಕೋಶ ಮಾಡುವಾಗ ‘ಎಕ್ಸೆಪ್ಷನ್’ ಎಂದು ಗುರುತು ಹಾಕಿದರೆ ಅದರಲ್ಲಿರುವ ಪದಗಳೆಲ್ಲ ತಪ್ಪೆಂದು ತೋರುತ್ತವೆ, ಬದಲಿಗೆ ಏನಿರಬೇಕೆಂಬುದನ್ನೂ ಪಕ್ಕದಲ್ಲಿ ಕೊಡಬಹುದು. ಕಚೇರಿ ಬೇಡವೆಂದ ಕಾಗುಣಿತಗಳನ್ನು ಅಲ್ಲಿ ತುಂಬಿದರೆ ಬರೆಯುವಾಗಲೇ ಎಚ್ಚರಿಕೆ ಸಿಗುತ್ತದೆ.

ನಿರ್ವಹಣೆ

ಬದಲಾವಣೆಗಳನ್ನು ಬೆಳಿಗ್ಗೆ ಯಾರೂ ಕೆಲಸ ಶುರುಮಾಡುವ ಮುನ್ನ ಮಾಡಿ. ಪ್ರತಿ ಬದಲಾವಣೆಗೂ ಮುಂಚೆ ಇಡೀ ಫೋಲ್ಡರಿನ ಒಂದು ನಕಲು ಪ್ರತಿಯನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದ ದಿನಾಂಕದ ಹೆಸರಿನಲ್ಲಿ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಆ ಕ್ರಮದಲ್ಲಿ ಹೆಸರಿಟ್ಟರೆ ಪ್ರತಿಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ಜೋಡಣೆಯಾಗುತ್ತವೆ. ಏನು ಬದಲಾಯಿತು, ಯಾರು ಒಪ್ಪಿದರು ಎಂಬುದನ್ನು ಒಂದು ಪಠ್ಯ ಕಡತದಲ್ಲಿ ಸಾಲು ಸಾಲಾಗಿ ಬರೆಯುತ್ತ ಹೋಗಿ. ಬದಲಾದ ಪದಕೋಶ ಜಾರಿಗೆ ಬರಲು ಪ್ರತಿಯೊಬ್ಬರೂ ವರ್ಡ್ ಮುಚ್ಚಿ ತೆರೆಯಬೇಕು. ಬದಲಾದ ಶೈಲಿ ಹಳೆಯ ದಾಖಲೆಗಳಿಗೆ ತಾನಾಗಿ ಹರಿಯುವುದಿಲ್ಲ. ‘ಡೆವಲಪರ್’ ಪಟ್ಟಿಯ ‘ಡಾಕ್ಯುಮೆಂಟ್ ಟೆಂಪ್ಲೇಟ್’ ಪೆಟ್ಟಿಗೆಯಲ್ಲಿ ಶೈಲಿಗಳನ್ನು ತಾನಾಗಿ ನವೀಕರಿಸುವ ಗುರುತು ಹಾಕಿ, ಒಮ್ಮೆ ಉಳಿಸಿ, ಮತ್ತೆ ತೆರೆದು, ಆಮೇಲೆ ಗುರುತನ್ನು ತೆಗೆದುಬಿಡಿ. ಅದನ್ನು ಹಾಗೆಯೇ ಬಿಟ್ಟರೆ ಮುಗಿದ ಪುಸ್ತಕದ ಪುಟಗಳೂ ಮುಂದಿನ ವರ್ಷದ ಬದಲಾವಣೆಗೆ ಸಿಕ್ಕಿ ಅದಲುಬದಲಾಗುತ್ತವೆ.

ಇದೇ ಪೆಟ್ಟಿಗೆ ಇನ್ನೊಂದು ದೂರಿಗೂ ಪರಿಹಾರ. ಟೆಂಪ್ಲೇಟಿನಿಂದ ಹುಟ್ಟಿದ ಪ್ರತಿಯೊಂದು ದಾಖಲೆಯೂ ತನ್ನ ಟೆಂಪ್ಲೇಟಿನ ನೆಟ್‌ವರ್ಕ್ ವಿಳಾಸವನ್ನು ಒಳಗೆ ಇಟ್ಟುಕೊಂಡಿರುತ್ತದೆ. ಅದನ್ನು ಲ್ಯಾಪ್‌ಟಾಪಿನಲ್ಲಿ ಮನೆಗೆ ಒಯ್ದಾಗ, ಅಥವಾ ಹಂಚಿಕೆಯ ಕಂಪ್ಯೂಟರಿನ ಹೆಸರು ಬದಲಾದಾಗ, ವರ್ಡ್ ಸಿಗದ ವಿಳಾಸವನ್ನು ಹುಡುಕುತ್ತ ಕೂರುವುದರಿಂದ ಕಡತ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ. ಜನ ಇದನ್ನು ಕಂಪ್ಯೂಟರಿನ ನಿಧಾನವೆಂದೇ ತಿಳಿಯುತ್ತಾರೆ. ಮುದ್ರಣಾಲಯಕ್ಕೋ ಲೇಖಕರಿಗೋ ಕಡತ ಕಳುಹಿಸುವ ಮುನ್ನ ಆ ಪೆಟ್ಟಿಗೆಯಲ್ಲಿ ಟೆಂಪ್ಲೇಟಿನ ವಿಳಾಸವನ್ನು ಅಳಿಸಿ ‘ನಾರ್ಮಲ್’ ಎಂದು ಬರೆದು ಉಳಿಸಿ. ದಾಖಲೆಯೊಳಗಿನ ಶೈಲಿಗಳು ಹಾಗೆಯೇ ಉಳಿಯುತ್ತವೆ, ಕೊಂಡಿ ಮಾತ್ರ ಕಳಚುತ್ತದೆ, ನಿಮ್ಮ ಕಚೇರಿಯ ಕಂಪ್ಯೂಟರಿನ ಹೆಸರೂ ಹೊರಗಿನವರ ಕೈಗೆ ಹೋಗುವುದಿಲ್ಲ.